ರಾಮನವಮಿ ಸಂಗೀತೋತ್ಸವ: ಪತ್ರಿಕೆ ಕೈಗೆ ಬಂದ ದಿನವೇ ಕೇಳ್ಮೆ ಶುರು

ಯುಗಾದಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಸಂಗೀತಪ್ರಿಯರು ಸಿಕ್ಕಲ್ಲೆಲ್ಲ ಕೇಳುವ ಮಾತು ಒಂದೇ: "ಈ ಸಲ ಕೋಟೆ ಹೈಸ್ಕೂಲಿನಲ್ಲಿ ಯಾರ್ಯಾರು?" ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಚಾಮರಾಜಪೇಟೆಯಲ್ಲಿ ಕಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ, ಕೋಟೆ ಹೈಸ್ಕೂಲು ಮೈದಾನದ ಚಪ್ಪರದಿಂದಲೇ ಹೆಸರಾಯಿತು. ದೇಶದ ಅತಿ ದೊಡ್ಡ ಕಲಾವಿದರು ಅಲ್ಲಿ ಕೂತು ಹಾಡಿದ್ದಾರೆ, ನುಡಿಸಿದ್ದಾರೆ. ಶೇಷಾದ್ರಿಪುರ, ಮಲ್ಲೇಶ್ವರ, ಮೈಸೂರು ಎಂದು ಇದೇ ದಿನಗಳಲ್ಲಿ ಬೇರೆ ಕಡೆಗಳಲ್ಲೂ ಕಛೇರಿಗಳು ನಡೆಯುತ್ತವೆ.

ಲಂಡನ್ನಿನಲ್ಲಿ 1895ರಿಂದ ನಡೆದುಬಂದಿರುವ ಪ್ರಾಮ್ಸ್ ಎಂಬ ಬೇಸಿಗೆ ಉತ್ಸವದಲ್ಲಿ ಯಾವ ಸಂಜೆ ಯಾವ ಕೃತಿ ಎಂಬುದನ್ನು ತಿಂಗಳುಗಳ ಮೊದಲೇ ಅಚ್ಚು ಹಾಕುತ್ತಾರೆ. ನಮ್ಮ ಆಹ್ವಾನ ಪತ್ರಿಕೆಯಲ್ಲಿ ತಾರೀಖು, ಹೊತ್ತು, ಕಲಾವಿದರ ಹೆಸರು ಇಷ್ಟೇ. ರಾಗವಿಲ್ಲ, ಕೃತಿಯಿಲ್ಲ, ತಾಳವಿಲ್ಲ. ಆ ಖಾಲಿ ಜಾಗವನ್ನು ಕೇಳುಗರು ತಮ್ಮ ಊಹೆಯಿಂದ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಂಡು ಹೋದವರಿಗೆ ಅದೇ ಕಛೇರಿ ಇಮ್ಮಡಿ ಸಿಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಕೆಲವು ಸೂತ್ರಗಳು.

1. ಪತ್ರಿಕೆಯನ್ನು ಪಕ್ಕವಾದ್ಯದಿಂದ ಓದಿ

ದಪ್ಪಕ್ಷರದಲ್ಲಿರುವ ಹೆಸರು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಕೆಳಗಿನ ಸಣ್ಣಕ್ಷರದ ಮೂರು ಹೆಸರುಗಳನ್ನು ನೋಡಿ: ಪಿಟೀಲು, ಮೃದಂಗ, ಘಟ ಅಥವಾ ಖಂಜರಿ ಅಥವಾ ಮೋರ್ಚಿಂಗ್. ಆ ಸಂಜೆಯ ಸ್ವರೂಪದ ಅರ್ಧ ಭಾಗ ಅಲ್ಲಿದೆ. ಲಯದಲ್ಲಿ ಗಟ್ಟಿಗರಾದ ಗಾಯಕರಿಗೆ ಅಷ್ಟೇ ಗಟ್ಟಿಗ ಮೃದಂಗ ವಿದ್ವಾಂಸರು ಜೊತೆಯಾಗಿದ್ದರೆ ರಾಗ–ತಾನ–ಪಲ್ಲವಿ ನಿರೀಕ್ಷಿಸಬಹುದು. ರಾಗಾಲಾಪನೆಯಲ್ಲಿ ನುರಿತ ಪಿಟೀಲುವಾದಕರಿದ್ದರೆ ಗಾಯಕರೂ ಆಲಾಪನೆಯನ್ನು ಆತುರವಿಲ್ಲದೆ ಬೆಳೆಸುತ್ತಾರೆ. ತಾವು ಬಿಟ್ಟಿದ್ದನ್ನು ಹಿಡಿಯುವವರು ಪಕ್ಕದಲ್ಲಿದ್ದಾರೆಂಬ ಧೈರ್ಯ ಅವರದು. ಮೊದಲ ಬಾರಿ ಜೊತೆಗೂಡುತ್ತಿರುವ ತಂಡವೋ, ವರ್ಷಗಳಿಂದ ಒಟ್ಟಿಗೆ ನುಡಿಸುತ್ತಿರುವ ತಂಡವೋ ಎಂಬುದನ್ನೂ ವಿಚಾರಿಸಿ.

ನಾನು ಗಾಯಕರ ಹೆಸರು ನೋಡಿ ಆರಿಸಿದ ಕಛೇರಿಗಳಿಗಿಂತ ಮೃದಂಗದವರ ಹೆಸರು ನೋಡಿ ಆರಿಸಿದವು ಹೆಚ್ಚು ಕಾಲ ನೆನಪಿನಲ್ಲಿ ಉಳಿದಿವೆ.

2. ಪಂಚಾಂಗವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ

ಕಲಾವಿದರು ತಿಥಿ ನೋಡಿ ಹಾಡು ಆರಿಸುತ್ತಾರೆ. ಚೈತ್ರ ಶುದ್ಧ ನವಮಿಯ ದಿನ ರಾಮನ ಕೃತಿಯಿಲ್ಲದ ಕಛೇರಿಯೇ ಇರಲಾರದು. ಸ್ವಾತಿ ತಿರುನಾಳರ 'ಭಾವಯಾಮಿ ರಘುರಾಮಂ' ಅಂದು ಬರುವ ಸಾಧ್ಯತೆ ಬಹಳ. ಮೊದಲು ಇಡೀ ಕೃತಿ ಸಾವೇರಿ ರಾಗದಲ್ಲಿತ್ತು. ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅದನ್ನು ರಾಗಮಾಲಿಕೆಯಾಗಿ ಹೊಂದಿಸಿದ ಮೇಲೆ ಮನೆಮಾತಾಯಿತು. ಪಲ್ಲವಿ ಸಾವೇರಿಯಲ್ಲೇ ಉಳಿಯಿತು. ಬಾಲಕಾಂಡಕ್ಕೆ ನಾಟಕುರಂಜಿ, ಅಯೋಧ್ಯಾಕಾಂಡಕ್ಕೆ ಧನ್ಯಾಸಿ, ಅರಣ್ಯಕ್ಕೆ ಮೋಹನ, ಕಿಷ್ಕಿಂಧೆಗೆ ಮುಖಾರಿ, ಸುಂದರಕಾಂಡಕ್ಕೆ ಪೂರ್ವಿಕಲ್ಯಾಣಿ, ಯುದ್ಧಕಾಂಡಕ್ಕೆ ಮಧ್ಯಮಾವತಿ. ಈ ಸರಣಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕೂತರೆ ಒಂದೇ ಹಾಡಿನಲ್ಲಿ ಏಳು ರಾಗಗಳ ಪರಿಚಯವಾಗುತ್ತದೆ. ರಾಗ ಗುರುತಿಸಲು ಈಗಷ್ಟೇ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಪಟ್ಟಾಭಿಷೇಕದ ದಿನವಾದರೆ ಮುತ್ತುಸ್ವಾಮಿ ದೀಕ್ಷಿತರ 'ಮಾಮವ ಪಟ್ಟಾಭಿರಾಮ' ನಿರೀಕ್ಷಿಸಿ. ರಾಗ ಮಣಿರಂಗು, ತಾಳ ಮಿಶ್ರಛಾಪು. ಚೈತ್ರದ ಹುಣ್ಣಿಮೆಗೆ ಹನುಮನ ಕೃತಿಗಳು ಬರುತ್ತವೆ. ಇನ್ನೊಂದು ಸಂಗತಿ: ತ್ರಿಮೂರ್ತಿಗಳ ಹುಟ್ಟುದಿನಗಳೂ ಇದೇ ಋತುವಿನಲ್ಲಿ ಬೀಳುತ್ತವೆ. ದೀಕ್ಷಿತರದು ಮಾರ್ಚ್ 24, ಶ್ಯಾಮಾಶಾಸ್ತ್ರಿಗಳದು ಏಪ್ರಿಲ್ 26, ತ್ಯಾಗರಾಜರದು ಮೇ 4. ಮೂವರೂ ತಿರುವಾರೂರಿನಲ್ಲಿ ಹುಟ್ಟಿದವರು. ಸ್ವಾತಿ ತಿರುನಾಳ್ ಹುಟ್ಟಿದ್ದು 1813ರ ಏಪ್ರಿಲ್ 16ರಂದು. ಈ ದಿನಗಳ ಆಸುಪಾಸಿನ ಕಛೇರಿಗಳಲ್ಲಿ ಆಯಾ ವಾಗ್ಗೇಯಕಾರರ ಕೃತಿಗಳು ತುಸು ಹೆಚ್ಚೇ ಕೇಳಿಬರುತ್ತವೆ.

3. ಊಹೆಯನ್ನು ಬರೆದಿಡಿ

ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಒಂದು ಪುಸ್ತಕದಲ್ಲಿ ಬರೆಯಬೇಕು. ಇಂದಿನ ಕಛೇರಿಯ ಚೌಕಟ್ಟನ್ನು ರೂಢಿಗೆ ತಂದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967). ವರ್ಣದಿಂದ ಆರಂಭ, ಆಮೇಲೆ ಗಣಪತಿ ಕೃತಿ, ಒಂದೆರಡು ಚುರುಕಾದ ಕೃತಿಗಳು, ನಡುವೆ ಒಂದು ಸಣ್ಣ ಆಲಾಪನೆ, ಬಳಿಕ ಪ್ರಧಾನ ಕೃತಿ, ತನಿ ಆವರ್ತನ, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನ, ಮಂಗಳ. ಈ ಚೌಕಟ್ಟು ಗೊತ್ತಿದ್ದರೆ ಊಹೆಗೆ ನೆಲೆ ಸಿಕ್ಕಿತು.

ಪ್ರಧಾನ ರಾಗ ಯಾವುದು ಎಂಬುದೇ ದೊಡ್ಡ ಪ್ರಶ್ನೆ. ತೋಡಿ, ಭೈರವಿ, ಕಾಂಬೋಜಿ, ಶಂಕರಾಭರಣ, ಕಲ್ಯಾಣಿ, ಖರಹರಪ್ರಿಯ: ಬಹುಪಾಲು ಸಂಜೆಗಳಲ್ಲಿ ಈ ಆರರಲ್ಲೊಂದು ಬರುತ್ತದೆ. ಕಲಾವಿದರು ಪಾಲಿಸುವ ಒಂದು ಒಳನಿಯಮವೂ ಇದೆ. ಅಕ್ಕಪಕ್ಕದ ಎರಡು ದೊಡ್ಡ ರಾಗಗಳು ಒಂದೇ ಬಣ್ಣದವಾಗಬಾರದು. ಮೊದಲು ಶುದ್ಧ ಮಧ್ಯಮದ ರಾಗವನ್ನು ವಿಸ್ತರಿಸಿದರೆ ಮುಂದಿನದು ಪ್ರತಿ ಮಧ್ಯಮದ್ದಾಗುವ ಸಂಭವ ಹೆಚ್ಚು. ತಾಳಕ್ಕೂ ಹೀಗೆಯೇ, ಎರಡು ಕೃತಿ ಆದಿತಾಳದಲ್ಲಿ ಬಂದವೆಂದರೆ ಮೂರನೆಯದು ರೂಪಕವೋ ಛಾಪುವೋ ಆಗಬಹುದು. ಹೀಗಾಗಿ ನಿಮ್ಮ ಊಹೆ ಕಛೇರಿಯ ಜೊತೆಜೊತೆಗೇ ಬದಲಾಗುತ್ತ ಹೋಗಬೇಕು. ಎರಡನೆಯ ಕೃತಿ ಮುಗಿಯುವ ಹೊತ್ತಿಗೆ ಪ್ರಧಾನ ರಾಗದ ಪಟ್ಟಿ ಆರರಿಂದ ಮೂರಕ್ಕೆ ಇಳಿದಿರುತ್ತದೆ.

ತಪ್ಪಿದ ಊಹೆ ಸರಿಹೋದ ಊಹೆಗಿಂತ ಹೆಚ್ಚು ಕಲಿಸುತ್ತದೆ. ತೋಡಿ ಎಂದುಕೊಂಡಿದ್ದಿರಿ, ಕಲ್ಯಾಣಿ ಬಂತು, ಯಾಕೆ? ಹಿಂದಿನ ದಿನ ಅದೇ ವೇದಿಕೆಯಲ್ಲಿ ಬೇರೊಬ್ಬರು ತೋಡಿ ಹಾಡಿದ್ದಿರಬಹುದು. ಇಂಥದ್ದನ್ನು ವಿಚಾರಿಸಿಕೊಂಡು ಬರುವ ಕಲಾವಿದರಿದ್ದಾರೆ. ಅದಕ್ಕಾಗಿ ನಿನ್ನೆಯ ಕಛೇರಿಯಲ್ಲಿ ಏನಾಯಿತೆಂದು ಕೇಳಿ ತಿಳಿದಿರಿ.

4. ಒಂದೇ ಕೃತಿಯನ್ನು ಮೂರು ಕಂಠಗಳಲ್ಲಿ ಕೇಳಿ

ಮುಖ್ಯ ಸೂತ್ರ ಇದು. ಉತ್ಸವಕ್ಕೆ ಹದಿನೈದು ದಿನವಿರುವಾಗ ಒಂದು ಕೃತಿಯನ್ನು ಆರಿಸಿಕೊಳ್ಳಿ. ಹತ್ತು ಬೇಡ, ಒಂದು ಸಾಕು. ತ್ಯಾಗರಾಜರ 'ನಿಧಿ ಚಾಲ ಸುಖಮಾ' ಎಂದಿಟ್ಟುಕೊಳ್ಳೋಣ. ರಾಗ ಕಲ್ಯಾಣಿ, ತಾಳ ಮಿಶ್ರಛಾಪು. ಸಂಪತ್ತು ಸುಖವೋ, ರಾಮನ ಸನ್ನಿಧಿಯ ಸೇವೆ ಸುಖವೋ ಎಂಬ ಪ್ರಶ್ನೆ ಅದರ ಜೀವ. ಒಬ್ಬ ಹಿರಿಯರ ಹಳೆಯ ಧ್ವನಿಮುದ್ರಣ, ಈಗಿನ ಒಬ್ಬರ ಕಛೇರಿಯ ಮುದ್ರಣ, ಒಂದು ವೀಣೆ ಅಥವಾ ಕೊಳಲು. ಮೂರನ್ನೂ ಬೇರೆ ಬೇರೆ ದಿನ ಕೇಳಿ.

ಮೊದಲ ದಿನ ಪಲ್ಲವಿಯ ಸಂಗತಿಗಳನ್ನು ಮಾತ್ರ ಗಮನಿಸಿ: ಅದೇ ಮಾತು ಪ್ರತಿಸಲ ಬಂದಾಗ ಎಲ್ಲಿ ತಿರುವು ಹೆಚ್ಚಾಯಿತು, ಯಾವ ಅಕ್ಷರದ ಮೇಲೆ ಭಾರ ಬಿತ್ತು. ಎರಡನೆಯ ದಿನ ಚರಣದಲ್ಲಿ ನೆರವಲಿಗೆ ಯಾವ ಸಾಲನ್ನು ಎತ್ತಿಕೊಂಡರು ಎಂದು ನೋಡಿ. ಮೂರನೆಯ ದಿನ ವಾದ್ಯದಲ್ಲಿ ಸಾಹಿತ್ಯವಿಲ್ಲದೆ ಕೇಳುತ್ತ ಮಾತುಗಳನ್ನು ನೀವೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಿ. ಆಮೇಲೆ ಚಪ್ಪರದಲ್ಲಿ ಆ ಕೃತಿ ಬರಲಿ, ಬಾರದಿರಲಿ, ಕಲ್ಯಾಣಿ ನಿಮ್ಮ ಕಿವಿಯಲ್ಲಿ ನೆಲೆಗೊಂಡಿರುತ್ತದೆ. ಅದೇ ರಾಗದ ಬೇರೆ ಯಾವ ಕೃತಿ ಬಂದರೂ ಅದರ ಮೊದಲ ಹಿಡಿತಗಳಲ್ಲೇ ಗುರುತು ಹತ್ತುತ್ತದೆ.

ಇನ್ನೂ ಸ್ವಲ್ಪ ಮುಂದೆ ಹೋಗುವವರು ಕಲ್ಯಾಣಿಯ ಪಕ್ಕದಲ್ಲಿ ಶಂಕರಾಭರಣವನ್ನು ಇಟ್ಟು ಕೇಳಿ. 72 ಮೇಳಕರ್ತಗಳಲ್ಲಿ ಅದು 29ನೆಯದು, ಕಲ್ಯಾಣಿ 65ನೆಯದು. ಎರಡಕ್ಕೂ ಇರುವ ಸ್ವರಭೇದ ಮಧ್ಯಮ ಒಂದೇ. ಆ ಒಂದು ಸ್ವರ ಇಡೀ ರಾಗದ ಮುಖವನ್ನು ಹೇಗೆ ಬದಲಿಸುತ್ತದೆ ಎಂಬುದು ಓದಿದರೆ ತಿಳಿಯುವುದಿಲ್ಲ.

5. ತಾಳ ಕೈಗೆ ಹತ್ತಲಿ

ಆದಿತಾಳ: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಬಳಿಕ ತಟ್ಟು–ಹುಸಿ, ತಟ್ಟು–ಹುಸಿ. ಎಂಟು. ಮಿಶ್ರಛಾಪು ಏಳು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಖಂಡಛಾಪು ಐದು. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಅಭ್ಯಾಸವಾಗಲಿ.

ಎತ್ತುಗಡೆ ಎಲ್ಲಿದೆ ನೋಡಿ. ಹಾಡು ತಾಳದ ತಟ್ಟಿಗೇ ಸರಿಯಾಗಿ ಶುರುವಾಗಬೇಕೆಂದಿಲ್ಲ. ಅರ್ಧ ಅಕ್ಷರ, ಮುಕ್ಕಾಲು ಅಕ್ಷರ ಬಿಟ್ಟು ಎತ್ತಿಕೊಳ್ಳುವ ಕೃತಿಗಳು ಬೇಕಾದಷ್ಟಿವೆ. ಕಲ್ಪನಾಸ್ವರ ಹಾಡುವಾಗ ಗಾಯಕರು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ಸೇರಬೇಕಾದ್ದು ಆ ಎತ್ತುಗಡೆಗೇ. ನಿಮ್ಮ ಕೈ ತಾಳ ಹಾಕುತ್ತಿದ್ದರೆ ಆ ಸೇರುವ ಗಳಿಗೆಗೆ ನೀವೂ ಕಾಯುತ್ತಿರುತ್ತೀರಿ. ತಾಳ ಸದ್ದಿಲ್ಲದೆ ತೊಡೆಯ ಮೇಲಿರಲಿ, ಪಕ್ಕದವರ ಕಿವಿಗೆ ಬೀಳುವುದು ಬೇಡ.

6. ಎಲ್ಲವನ್ನೂ ಕೇಳುವ ಆಸೆ ಬಿಡಿ

ತಿಂಗಳುದ್ದದ ಉತ್ಸವದಲ್ಲಿ ಪ್ರತಿದಿನ ಹೋದರೆ ಕಿವಿ ದಣಿಯುತ್ತದೆ. ಆರಿಸಿ. ನನ್ನ ಆಯ್ಕೆಯ ಕ್ರಮ ಹೀಗೆ: ತಪ್ಪದೆ ಕೇಳಲೇಬೇಕಾದ ಹಿರಿಯರೊಬ್ಬರು, ಹೆಸರು ಕೇಳಿ ಗೊತ್ತಿಲ್ಲದ ಎಳೆಯರೊಬ್ಬರು, ಒಂದು ವೀಣಾವಾದನ, ಒಂದು ಜುಗಲ್‌ಬಂದಿ ಅಥವಾ ಹಿಂದೂಸ್ತಾನಿ ಗಾಯನ, ದೇವರನಾಮಗಳಿಗೇ ಮೀಸಲಾದ ಒಂದು ಸಂಜೆ.

ವೀಣೆಯನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ವೀಣೆ ಶೇಷಣ್ಣನವರ (1852–1926) ನಾಡು ನಮ್ಮದು. ಅವರಿಂದ ಬೆಳೆದ ಮೈಸೂರು ಬಾನಿಯನ್ನು ವಿ. ದೊರೆಸ್ವಾಮಿ ಅಯ್ಯಂಗಾರ್ ದೇಶದಾದ್ಯಂತ ಕೇಳಿಸಿದರು. ಆದರೂ ವೀಣೆಯ ಸಂಜೆಗಳಲ್ಲಿ ಹಿಂದಿನ ಸಾಲುಗಳು ಖಾಲಿ ಇರುತ್ತವೆ. ಅದರ ನಾದ ಮೆದು. ಚಪ್ಪರದಲ್ಲಿ ರಸ್ತೆಯ ಹಾರ್ನು, ಫ್ಯಾನಿನ ಗುಂಯ್‌ಗುಡುವಿಕೆಯ ನಡುವೆ ಅದನ್ನು ಕೇಳಬೇಕಾದರೆ ಮುಂದೆ ಕೂರಬೇಕು. ಹತ್ತಿರದಿಂದ ನೋಡಿದರೆ ತಂತಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದು ಒಂದೇ ಮೀಟಿನಲ್ಲಿ ಎರಡು ಮೂರು ಸ್ವರ ತೆಗೆಯುವ ಎಡಗೈಯ ಬೆರಳುಗಳು ಕಾಣುತ್ತವೆ. ಗಮಕ ಎಂದರೇನೆಂದು ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಜುಗಲ್‌ಬಂದಿಗೆ ಊಹೆ ಸುಲಭ. ಎರಡೂ ಪದ್ಧತಿಗಳಿಗೆ ಹೊಂದುವ ರಾಗವೇ ಆಗಬೇಕಲ್ಲ: ಕಲ್ಯಾಣಿ–ಯಮನ್, ಮೋಹನ–ಭೂಪ್, ಹಿಂದೋಳ–ಮಾಲಕಂಸ್. ಇಲ್ಲವೇ ದಕ್ಷಿಣದಿಂದ ಉತ್ತರಕ್ಕೆ ಹೋಗಿ ನೆಲೆಯೂರಿದ ಹಂಸಧ್ವನಿ, ಕೀರವಾಣಿ, ಚಾರುಕೇಶಿ.

7. ಕೂರುವ ಜಾಗ ನೋಡಿಕೊಳ್ಳಿ

ದೊಡ್ಡ ಸ್ಪೀಕರಿನ ನೇರ ಎದುರಿಗೆ ಬೇಡ. ಮೃದಂಗ ಕೇಳಲು ಬಂದಿದ್ದರೆ ನಿಮ್ಮ ಎಡಕ್ಕೆ ಕೂರಿ. ಸಾಮಾನ್ಯವಾಗಿ ಮೃದಂಗದವರು ಗಾಯಕರ ಬಲಕ್ಕೆ, ಅಂದರೆ ಸಭೆಯ ಎಡಕ್ಕೆ ಕೂರುತ್ತಾರೆ. ಹಾಗೆ ಕೂತಾಗ ಕರಣೆಯಿರುವ ಬಲಭಾಗ ಸಭೆಯ ಕಡೆ ತಿರುಗಿರುತ್ತದೆ. ಮೃದಂಗದವರು ಎಡಚರಾದರೆ ಈ ಲೆಕ್ಕ ತಿರುಗುಮುರುಗು: ಪಿಟೀಲು, ಮೃದಂಗ ಜಾಗ ಬದಲಿಸಿಕೊಳ್ಳಬೇಕಾಗುತ್ತದೆ. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯಲ್ಲೇ ನುಡಿಸಿ ಮೃದಂಗದ ಮೇರುಗಳಲ್ಲಿ ಒಬ್ಬರಾದರು.

8. ಬೇಸಿಗೆಯ ಸಿದ್ಧತೆ

ಏಪ್ರಿಲ್–ಮೇ ತಿಂಗಳ ಬೆಂಗಳೂರಿನಲ್ಲಿ ಸಂಜೆಯೇ ಗುಡುಗು–ಮಳೆ ಬರುವುದು. ಕೊಡೆ ಇರಲಿ, ನೀರಿನ ಬಾಟಲಿ ಇರಲಿ. ಹೊಟ್ಟೆ ಹಗುರವಾಗಿರಲಿ, ರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆ ಈ ಬಿಸಿಲಿಗಾಗಿಯೇ ಬಂದ ಪದ್ಧತಿ. ಕೋಟೆ ಹೈಸ್ಕೂಲಿಗೆ ಹೋಗುವವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣ ಹತ್ತಿರ. ಕಾರು ನಿಲ್ಲಿಸಲು ಜಾಗ ಹುಡುಕುತ್ತ ವರ್ಣ ತಪ್ಪಿಸಿಕೊಳ್ಳುವುದಕ್ಕಿಂತ ಮೆಟ್ರೊ ಮೇಲು. ಪಾಸು ಬೇಕಾದ ದಿನಗಳನ್ನು ಮೊದಲೇ ಕೇಳಿ ತೆಗೆದುಕೊಳ್ಳಿ.

9. ತನಿಗೆ ಏಳಬೇಡಿ

ಮೃದಂಗದವರು ತನಿ ಆವರ್ತನ ಶುರುಮಾಡಿದ ಕೂಡಲೇ ಕಾಫಿಗೆಂದು ಗುಂಪು ಎದ್ದು ಹೊರಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂಜೆಯಿಡೀ ಇನ್ನೊಬ್ಬರ ಹಾಡಿಗೆ ಒತ್ತಾಸೆಯಾಗಿ ನುಡಿಸಿದವರು ತಮ್ಮ ವಿದ್ಯೆಯನ್ನು ಮುಂದಿಡುವ ಸಮಯ ಅದೊಂದೇ.

ಅದರ ನಡೆ ಗೊತ್ತಿದ್ದರೆ ಯಾರೂ ಏಳಲಾರರು. ಮೊದಲು ಮೃದಂಗ ಒಂದು ಸುತ್ತು ನುಡಿಸುತ್ತದೆ, ಆಮೇಲೆ ಘಟ. ಮತ್ತೆ ಮೃದಂಗ, ಈ ಸಲ ನಡೆ ಬದಲಿಸಿ: ನಾಲ್ಕರ ಬದಲು ಮೂರು, ಅಥವಾ ಐದು. ಘಟ ಅದಕ್ಕೆ ಉತ್ತರ ಕೊಡುತ್ತದೆ. ಬಳಿಕ ಇಬ್ಬರ ಸರದಿಗಳೂ ಕಿರಿದಾಗುತ್ತ ಹೋಗುತ್ತವೆ: ಎರಡು ಆವರ್ತ, ಒಂದು ಆವರ್ತ, ಅರ್ಧ, ಕಾಲು. ಕೊನೆಗೆ ಇಬ್ಬರೂ ಕೂಡಿ ನುಡಿಸಿ, ಒಂದು ಮುಕ್ತಾಯವನ್ನು ಮೂರು ಸಲ ಹೇಳಿ, ಸರಿಯಾಗಿ ಎತ್ತುಗಡೆಗೆ ತಂದು ಬಿಡುತ್ತಾರೆ. ಗಾಯಕರು ಅಲ್ಲಿಂದ ಪಲ್ಲವಿ ಎತ್ತಿಕೊಳ್ಳುತ್ತಾರೆ. ಐದನೆಯ ಸೂತ್ರದಂತೆ ಕೈಯಲ್ಲಿ ತಾಳ ಹಾಕುತ್ತಿದ್ದವರಿಗೆ ಆ ಮೂರನೆಯ ಮುಕ್ತಾಯ ಬೀಳುವ ಜಾಗ ಮೊದಲೇ ಕಾಣತೊಡಗುತ್ತದೆ. ಘಟವಾದರೆ ವಾದಕರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ನಾದದ ಆಳವನ್ನು ಬದಲಿಸುವುದನ್ನೂ ನೋಡಿ.

10. ದೇವರನಾಮದವರೆಗೆ ಇರಿ

ಕನ್ನಡ ಸಾಮಾನ್ಯವಾಗಿ ಕಛೇರಿಯ ಕೊನೆಯ ಅರ್ಧ ಗಂಟೆಯಲ್ಲಿ ಬರುತ್ತದೆ. ಕೊನೆಯ ಬಸ್ಸಿಗೆ ಹೊರಟವರಿಗೆ ತಪ್ಪುವುದೂ ಅದೇ. ಸರಳೆ ವರಸೆಗೆ ಮಾಯಾಮಾಳವಗೌಳವನ್ನು ಗೊತ್ತುಮಾಡಿ ಕರ್ನಾಟಕ ಸಂಗೀತಕ್ಕೆ ಅಡಿಪಾಯ ಹಾಕಿದವರೆಂದು ನಾವು ಪುರಂದರದಾಸರನ್ನು ಪಿತಾಮಹ ಎನ್ನುತ್ತೇವೆ. ಅವರ ಪದ ತಂಬೂರಿ ಕೆಳಗಿಡುವ ಹೊತ್ತಿನ ಹಾಡಾಗಿಯೇ ಉಳಿಯಬೇಕಿಲ್ಲ. ವಿಸ್ತಾರವಾದ ಆಲಾಪನೆ, ನೆರವಲ್ ಸಮೇತ ದೇವರನಾಮವನ್ನು ಪ್ರಧಾನ ಕೃತಿಯಾಗಿ ಹಾಡಿದರೆ ಅದು ಖಂಡಿತ ನಿಲ್ಲುತ್ತದೆ. ಕೇಳುಗರು ಬಯಸಿದರೆ ಕಲಾವಿದರು ಹಾಡುತ್ತಾರೆ. ಮೈಸೂರು ವಾಸುದೇವಾಚಾರ್ಯರ (1865–1961) ಕೃತಿಗಳಿಗೂ ಇದೇ ಮಾತು. ಖಮಾಚಿನ 'ಬ್ರೋಚೇವಾರೆವರುರಾ' ಎಲ್ಲರಿಗೂ ಗೊತ್ತು, ಅವರ ಉಳಿದ ರಚನೆಗಳು ವೇದಿಕೆಗೆ ಬರುವುದು ಅಪರೂಪ.

ಬಯಕೆಯನ್ನು ತಿಳಿಸುವುದಕ್ಕೂ ಕ್ರಮವಿದೆ. ಕಛೇರಿ ಕಾವೇರುತ್ತಿರುವಾಗ ಚೀಟಿ ಕಳಿಸಿದರೆ ಗಾಯಕರ ಗಮನ ಚೆದುರುತ್ತದೆ. ಕೆಲವು ದಿನ ಮುಂಚೆ ಸಂಘಟಕರ ಮೂಲಕ ತಿಳಿಸಿದರೆ ಅವರಿಗೂ ಅಭ್ಯಾಸಕ್ಕೆ ಸಮಯ ಸಿಗುತ್ತದೆ. ಅಂದೇ ಕೊಡಬೇಕಾದರೆ ತನಿ ಮುಗಿದ ಮೇಲೆ, ಒಂದೇ ಹಾಡಿನ ಹೆಸರು ಬರೆದು ಕೊಡಿ.

11. ಹಳೆಯ ಊರನ್ನೂ ನೋಡಿ ಬನ್ನಿ

ರಾಮನವಮಿಗೂ ಸಂಗೀತಕ್ಕೂ ಇರುವ ನಂಟು ಮೈಸೂರಿನಲ್ಲಿ ಕಲ್ಲಿನ ಕಟ್ಟಡವಾಗಿಯೇ ನಿಂತಿದೆ. ಬಿಡಾರಂ ಕೃಷ್ಣಪ್ಪನವರು ಅಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ರಾಮನ ಗುಡಿಯೂ ಅದೇ, ಸಂಗೀತದ ಸಭೆಯೂ ಅದೇ. ಪಿಟೀಲು ಚೌಡಯ್ಯನವರು (1895–1967) ಅವರ ಶಿಷ್ಯರು. ದೊಡ್ಡ ಸಭೆಯ ಕೊನೆಯವರೆಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲು ಮಾಡಿಕೊಂಡವರು ಚೌಡಯ್ಯ. ಉತ್ಸವದ ದಿನಗಳಲ್ಲಿ ಒಂದು ಭಾನುವಾರ ಬಿಡುವಾದರೆ ಮಂದಿರಕ್ಕೆ ಹೋಗಿ ಬನ್ನಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇರೆ ದಾರಿಯಿದೆ: ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಯೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಬರುತ್ತದೆ.

12. ಮಕ್ಕಳನ್ನು ಮೊದಲ ಮುಕ್ಕಾಲು ಗಂಟೆಗೆ ಕರೆತನ್ನಿ

ಪೂರ್ತಿ ಕೂರಿಸಲು ಹಟ ಮಾಡಬೇಡಿ. ವರ್ಣ, ಗಣಪತಿ ಕೃತಿ, ಒಂದು ಚುರುಕಾದ ಹಾಡು ಕೇಳಲಿ. ತಾಳದ ಬೆರಳೆಣಿಕೆ ಹೇಳಿಕೊಟ್ಟು ಕೂರಿಸಿದರೆ ಅವರೇ ಇನ್ನೊಂದು ಹಾಡಿಗೆ ಉಳಿಯುತ್ತಾರೆ.

13. ಮನೆಗೆ ಬಂದು ತಾಳೆ ನೋಡಿ

ಕಛೇರಿಯಲ್ಲಿ ಬಂದ ರಾಗ, ಕೃತಿ, ತಾಳಗಳನ್ನು ಮಲಗುವ ಮೊದಲು ನಿಮ್ಮ ಊಹೆಯ ಎದುರಿಗೆ ಬರೆಯಿರಿ. ಗುರುತು ಸಿಗದ ರಾಗವಿದ್ದರೆ ಅದರ ಒಂದು ಹಿಡಿತವನ್ನಾದರೂ ಗುನುಗಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮರುದಿನ ಬಲ್ಲವರಿಗೆ ಕೇಳಿಸಿದರೆ ಹೆಸರು ಸಿಗುತ್ತದೆ. ಪಿಟೀಲಿನವರು, ಮೃದಂಗದವರು ಯಾರು ಎಂಬುದನ್ನೂ ಸೇರಿಸಿ. ಮುಂದಿನ ವರ್ಷದ ಆಹ್ವಾನ ಪತ್ರಿಕೆ ಬಂದಾಗ ಆ ಸಣ್ಣಕ್ಷರದ ಹೆಸರುಗಳನ್ನು ಓದಲು ಮೊದಲು ಬೇಕಾಗುವುದು ಇದೇ ಪುಸ್ತಕ.